ಪಟ್ಟಿಯಲ್ಲಿ ನಾಲ್ಕನೆಯವಳು

ಮಾರ್ಚ್ ೩, ಸೋಮವಾರ

ಈ ಡೈರಿ ನಮ್ಮ ಯಜಮಾನರಿಗೆ ವಿಮಾ ಕಂಪನಿಯವರು ಕೊಟ್ಟದ್ದು. ಗಿರಾಕಿಗಳ ಅಳತೆ ಬರೆದುಕೊಳ್ಳಲು ಇರಲಿ ಎಂದು ನಾನು ನನ್ನ ಟೈಲರಿಂಗ್ ಅಂಗಡಿಗೆ ತಂದಿಟ್ಟುಕೊಂಡಿದ್ದೆ. ಇವತ್ತು ಅಳತೆ ಬರೆಯುವ ಮನಸ್ಸಿಲ್ಲ. ಯಾರ ಮೇಲಾದರೂ ಕೂಗಾಡಬೇಕು ಅನಿಸುತ್ತಿದೆ. ಅಂಗಡಿಯಲ್ಲಿ ಕೂಗಾಡಿದರೆ ಗಿರಾಕಿಗಳು ಓಡುತ್ತಾರೆ, ಮನೆಯಲ್ಲಿ ಕೂಗಾಡಿದರೆ ಅತ್ತೆಗೆ ಬಿ.ಪಿ. ಏರುತ್ತದೆ. ಕಾಗದಕ್ಕೆ ಏನೂ ಏರುವುದಿಲ್ಲವಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪಕ್ಷದ ಗುರುತು ಬಕೆಟ್. ‘ಬಕೆಟ್ ಹಿಡಿಯೋರ ಪಕ್ಷ’ ಎಂದು ಬೀದಿಯವರೆಲ್ಲ ಆಡಿಕೊಂಡರೂ ಇವರು ತಲೆ ಕೆಡಿಸಿಕೊಂಡವರಲ್ಲ. ಇಪ್ಪತ್ತು ವರ್ಷ ವಿಮೆಯ ಕೆಲಸ ಅರ್ಧಕ್ಕೆ ಬಿಟ್ಟು ಗೋಡೆಗೆ ಪೋಸ್ಟರ್ ಅಂಟಿಸಿದರು. ಸಭೆಗೆ ಕುರ್ಚಿ ಹಾಕಿದರು, ಸಭೆ ಮುಗಿದ ಮೇಲೆ ಅದೇ ಕುರ್ಚಿ ಎತ್ತಿಟ್ಟರು. ಪಕ್ಷದ ಅಧ್ಯಕ್ಷರನ್ನು ನಾವೆಲ್ಲ ‘ದೊಡ್ಡವರು’ ಎನ್ನುತ್ತೇವೆ. ಆ ದೊಡ್ಡವರು ಪ್ರತಿ ಚುನಾವಣೆ ಮುಗಿದಾಗಲೂ ಇವರ ಬೆನ್ನು ತಟ್ಟಿ, “ಮುಂದಿನ ಸಲ ಸಂಸತ್ತಿನಲ್ಲಿ ನಿಂಗೊಂದು ಸೀಟು ಗ್ಯಾರಂಟಿ ಕಣಯ್ಯಾ” ಅನ್ನುತ್ತಿದ್ದರು. ಬೆನ್ನು ಸವೆಯಿತೇ ಹೊರತು ಸೀಟು ಬರಲಿಲ್ಲ.

ಇವತ್ತು ಪಟ್ಟಿ ಹೊರಬಿತ್ತು. ನಮ್ಮಲ್ಲಿ ಜನ ಮತ ಹಾಕುವುದು ಪಕ್ಷಕ್ಕೆ, ಮನುಷ್ಯರಿಗಲ್ಲ. ಪಕ್ಷಕ್ಕೆ ಎಷ್ಟು ಸೀಟು ಬರುತ್ತದೋ ಪಟ್ಟಿಯ ಮೇಲಿನಿಂದ ಅಷ್ಟು ಹೆಸರು ಒಳಗೆ, ಉಳಿದವರು ಮನೆಗೆ. ಬಕೆಟ್‌ಗೆ ನಾಲ್ಕು ಬಂದರೆ ಅದೇ ದೊಡ್ಡದು ಎಂದು ಎಲ್ಲರಿಗೂ ಗೊತ್ತು. ಮೊದಲ ಹೆಸರು ದೊಡ್ಡವರದು, ಸರಿ. ಎರಡನೆಯದು ಟಿ.ವಿ. ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುವಾಕೆಯದು. ಹೋಗಲಿ, ನಾಲ್ಕು ಜನ ಗುರುತು ಹಿಡಿಯುತ್ತಾರೆ. ಮೂರನೆಯದು ದೊಡ್ಡವರ ಭಾವಮೈದುನನದು! ಹೋದ ವರ್ಷದವರೆಗೂ ಛತ್ರಿ ಪಕ್ಷದಲ್ಲಿದ್ದುಕೊಂಡು ನಮ್ಮನ್ನು ಬೈಯುತ್ತಿದ್ದ ಛತ್ರಿ ಅವನು. ಇವರ ಹೆಸರು ಐದನೆಯದು. ನಾಲ್ಕು ಗೆಲ್ಲುವ ಪಕ್ಷದಲ್ಲಿ ಐದನೆಯ ಜಾಗ ಕೊಡುವುದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಮರ್ಯಾದೆಯಾಗಿರುತ್ತಿತ್ತು.

ನಾಲ್ಕನೆಯ ಹೆಸರು ಯಾರದೆಂದು ಬರೆಯಲು ನಾಚಿಕೆಯಾಗುತ್ತಿದೆ. ನನ್ನದು.

ಮಾರ್ಚ್ ೪, ಮಂಗಳವಾರ

ದೊಡ್ಡವರು ಸಂಜೆ ಮನೆಗೇ ಬಂದರು. ನನ್ನ ಸಿಟ್ಟು ಅವರ ಕಿವಿಗೆ ಬಿದ್ದಿರಬೇಕು. ಕಾನೂನಿನ ಪ್ರಕಾರ ಪಟ್ಟಿಯಲ್ಲಿ ಒಂದು ಗಂಡಸಿನ ಹೆಸರು, ಒಂದು ಹೆಂಗಸಿನ ಹೆಸರು, ಮತ್ತೆ ಒಂದು ಗಂಡಸು, ಹೀಗೇ ಬರಬೇಕಂತೆ. ನಾಲ್ಕರಲ್ಲಿ ಗಂಡಸನ್ನು ಹಾಕುವ ಹಾಗೇ ಇಲ್ಲವಂತೆ.

“ಅದಕ್ಕೇ ತಾಯಿ, ಅಲ್ಲಿ ನಿನ್ನ ಹೆಸರು ಹಾಕಿದೀನಿ,” ಅಂದರು. “ನೀನು ಹೆಸರಿಗೆ ಮಾತ್ರ. ಗೆದ್ದ ಮೇಲೆ ಸದನಕ್ಕೆ ಹೋಗು, ಪ್ರಮಾಣವಚನ ತಗೋ, ನಿನ್ನ ಜಾಗದಲ್ಲಿ ಎದ್ದು ನಿಂತು ರಾಜೀನಾಮೆ ಅಂದ್ಬಿಡು. ಪಟ್ಟಿಯಲ್ಲಿ ಮುಂದಿನೋರು ಒಳಗೆ ಬರ್ತಾರೆ. ಮುಂದಿನೋನು ಯಾರು? ನಿನ್ನ ಗಂಡಾನೇ!”

“ಅದನ್ನ ಒಂದು ಚೀಟಿಯಲ್ಲಿ ಬರ್ದು ಕಳಿಸಿದ್ರೆ ಆಗಲ್ವಾ?” ಎಂದೆ. ಆಗುವುದಿಲ್ಲವಂತೆ. ಹಿಂದೆ ಪಕ್ಷದವರು ಹೆದರಿಸಿ ಬೆದರಿಸಿ ರುಜು ಹಾಕಿಸಿಕೊಳ್ಳುತ್ತಿದ್ದರಂತೆ. ಅದಕ್ಕೆ ಈಗ ಯಾರೇ ಬಿಡುವುದಾದರೂ ತಮ್ಮ ಕುರ್ಚಿಯಿಂದಲೇ ಎದ್ದು, ತಮ್ಮ ಬಾಯಿಂದಲೇ ಹೇಳಬೇಕು.

ನನ್ನನ್ನು ಮೊದಲು ಒಂದು ಮಾತು ಕೇಳಿದರಾ? ಕುರಿ ಕೇಳಿ ಮಸಾಲೆ ಅರೆಯುತ್ತಾರಾ! ಹೋಗಲಿ, ನನ್ನ ಮಾತು ಬಿಡಿ. ಇಪ್ಪತ್ತು ವರ್ಷ ದುಡಿದವರು ಹೆಂಡತಿಯ ಹಿಂದೆ ನಿಂತು ಹಿತ್ತಲ ಬಾಗಿಲಿಂದ ಒಳಗೆ ಹೋಗಬೇಕೇ? ಇವರ ಕುರ್ಚಿಯಲ್ಲಿ ಅರ್ಧ ಗಂಟೆಯಾದರೂ ನಾನು ಕೂರಬೇಕಲ್ಲ ಎಂದು ನೆನೆದರೆ ಮೈ ಉರಿಯುತ್ತದೆ. ಇವರು ಮಾತ್ರ ತಣ್ಣಗೆ, “ಒಪ್ಕೋ, ಏನೀಗ” ಅಂದರು. ಇವರಿಗೋಸ್ಕರ ಒಪ್ಪಿಕೊಂಡೆ.

ಅತ್ತೆ ಒಳಗಿನಿಂದಲೇ ಕೂಗಿದರು: “ಬಸ್ಸಿನ ಕಿಟಕಿಯಿಂದ ಸೀಟಿಗೆ ಕರ್ಚೀಫ್ ಹಾಕ್ತಾರಲ್ಲ, ಹಾಗೆ. ಈ ಸಲ ಕರ್ಚೀಫು ನೀನೇ ಕಣಮ್ಮಾ.”

ಮಾರ್ಚ್ ೯, ಭಾನುವಾರ

ಮಾರ್ಚ್ ತಿಂಗಳಲ್ಲಿ ವಿಮೆಯವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಇವರು ಪ್ರಚಾರಕ್ಕೆ ನನ್ನನ್ನು ಅಟ್ಟಿದರು. ನನಗೇನು ಭಾಷಣ ಬರುತ್ತದೆಯೇ? ಕಾಜಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋದೆ. ಅಕ್ಕ ನನ್ನ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವವಳು. ಅದಕ್ಕೆ ಮೊದಲು ಹತ್ತು ವರ್ಷ ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿದ್ದಳು. ಆ ಕಾರ್ಖಾನೆಯ ಗೇಟಿಗೇ ಹೋದೆವು.

ಅಲ್ಲಿ ಭಾನುವಾರವೂ ಕೆಲಸ, ಪಾಳಿ ಮುಗಿಯುವುದಕ್ಕೆ ಇನ್ನೂ ಹೊತ್ತಿತ್ತು. ಕಬ್ಬಿಣದ ದೊಡ್ಡ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದಿದ್ದರು. ಒಳಗೆ ಇನ್ನೂರು ಮುನ್ನೂರು ಹೆಂಗಸರು. ಕಾವಲಿನವನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದ. ನನಗೆ ತಡೆಯಲಾಗಲಿಲ್ಲ.

“ಏನಪ್ಪಾ, ಒಳಗಿರೋರು ಮನುಷ್ಯರೋ ದನಗಳೋ?”

“ಬಟ್ಟೆ ಕದೀತಾರೆ ಅಂತ ಮೇಡಂ. ಮ್ಯಾನೇಜರ್ ಆರ್ಡರ್ರು.”

“ಬೆಂಕಿ ಬಿದ್ರೆ?”

“ಓಡಿ ಬಂದು ತೆಗೀತೀನಿ.” ಚಹಾ ಲೋಟ ಕೆಳಗಿಡದೆಯೇ ಹೇಳಿದ.

ಕಾಜಾ ಅಕ್ಕ ಆಗ ಹೇಳಿದಳು. ಅವಳಿದ್ದಾಗ ಒಂದು ಸಲ ಇಸ್ತ್ರಿ ವಿಭಾಗದಲ್ಲಿ ಹೊಗೆ ಎದ್ದಿತ್ತಂತೆ. ಎಲ್ಲರೂ ಬಾಗಿಲು ಬಡಿದರೂ ಬೀಗದ ಕೈ ಇರುವವನು ಸಿಗಲಿಲ್ಲವಂತೆ. ಬೆಂಕಿ ತಾನಾಗಿ ಆರಿತು. ಅಷ್ಟು ಹೊತ್ತೂ ಅವಳು ಕಿಟಕಿಯ ಸರಳಿಗೆ ಮೂಗು ಒತ್ತಿಕೊಂಡು ಉಸಿರಾಡಿದಳಂತೆ. ನನ್ನ ಅಂಗಡಿಯ ಬಾಗಿಲು ಚಳಿಯಿದ್ದರೂ ತೆರೆದೇ ಇರಬೇಕೆಂದು ಅವಳು ಹಟ ಮಾಡುವುದು ಯಾಕೆಂದು ಎಂಟು ವರ್ಷದ ಮೇಲೆ ಇವತ್ತು ಗೊತ್ತಾಯಿತು.

ಪಾಳಿ ಬಿಟ್ಟಾಗ ಒಬ್ಬಳು ಕೇಳಿದಳು, “ಬಕೆಟ್‌ಗೆ ಓಟು ಹಾಕಿದ್ರೆ ಈ ಬೀಗ ತೆಗಿಸ್ತೀರಾ?” ನಾನು ಹೇಳಿದೆ, “ನಮ್ಮ ಯಜಮಾನ್ರಿಗೆ ಹೇಳ್ತೀನಿ.”

ಮಾರ್ಚ್ ೧೨, ಬುಧವಾರ

ಇವರಿಗೆ ಹೇಳಿದೆ. “ನೋಡೋಣ” ಅಂದರು. ದೊಡ್ಡವರಿಗೂ ಹೇಳಿದೆ. ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಕಾರ್ಖಾನೆಯೋರೂ ನಮ್ಮೋರೇ, ಕೆಲಸದೋರೂ ನಮ್ಮೋರೇ” ಅಂದರು. ಬೀಗ ಯಾರದು ಹಾಗಾದರೆ?

ಮಾರ್ಚ್ ೧೬, ಭಾನುವಾರ

ಸೀಟು ಹಂಚುವುದು ಹೇಗೆಂದು ಟಿ.ವಿ.ಯಲ್ಲಿ ಒಬ್ಬ ಮಹಾಶಯ ವಿವರಿಸಿದ. ಬಿದ್ದ ಮತವನ್ನೆಲ್ಲ ಒಟ್ಟು ಸೀಟುಗಳಿಂದ ಭಾಗಿಸಿದರೆ ಒಂದು ಸೀಟಿನ ಪಾಲು ಎಷ್ಟೆಂದು ಸಿಗುತ್ತದೆ. ಯಾವ ಪಕ್ಷಕ್ಕೆ ಎಷ್ಟು ಪೂರ್ತಿ ಪಾಲಿನ ಮತವಿದೆಯೋ ಅಷ್ಟು ಸೀಟು ಮೊದಲು. ಆಮೇಲೂ ಕೆಲವು ಸೀಟು ಉಳಿಯುತ್ತವೆ, ಎಲ್ಲ ಪಕ್ಷಗಳ ಕೈಯಲ್ಲೂ ಚಿಲ್ಲರೆ ಮತ ಉಳಿದಿರುತ್ತದೆ. ಯಾರ ಚಿಲ್ಲರೆ ದೊಡ್ಡದೋ ಅವರಿಗೆ ಆ ಸೀಟು.

ಇದೆಂಥ ನ್ಯಾಯ? ಬಟ್ಟೆಯ ಥಾನಿನಿಂದ ಪೂರ್ತಿ ಅಂಗಿಗಳನ್ನು ಕತ್ತರಿಸಿದ ಮೇಲೆ ಕೊನೆಗೆ ಒಂದು ತುಂಡು ಉಳಿಯುತ್ತದೆ. ಆ ತುಂಡನ್ನು ತೋರಿಸಿ, “ಇದು ಬೇರೆ ತುಂಡುಗಳಿಗಿಂತ ಉದ್ದ ಇದೆ, ಆದ್ದರಿಂದ ಇದೂ ಅಂಗಿಯೇ” ಎಂದು ನಾನು ಗಿರಾಕಿಗೆ ಕೊಟ್ಟರೆ ಸುಮ್ಮನಿರುತ್ತಾರೆಯೇ? ತುಂಡಿಗೆ ಕೊಟ್ಟ ಸೀಟು ಸೀಟೇ ಅಲ್ಲ. ಹಾಡಹಗಲಿನ ದರೋಡೆ. ಹೋದ ಸಲ ಛತ್ರಿಯವರು ಹೀಗೆಯೇ ನಮ್ಮ ಬಾಯಿಂದ ಒಂದು ಸೀಟು ಕಿತ್ತುಕೊಂಡಿದ್ದರಂತೆ. ನಾಚಿಕೆಗೆಟ್ಟವರು.

ಸಂಜೆ ಮತ್ತೆ ಕಾರ್ಖಾನೆಯ ಗೇಟಿಗೆ ಹೋಗಿದ್ದೆ. ಪಕ್ಷದವರು ಹೇಳಿರಲಿಲ್ಲ. ಹೋಗಬೇಕು ಅನಿಸಿತು, ಹೋದೆ.

ಮಾರ್ಚ್ ೨೩, ಭಾನುವಾರ

ಮತದಾನ ಮುಗಿಯಿತು. ಮತಪತ್ರದಲ್ಲಿ ಬಕೆಟ್ ಚಿತ್ರದ ಕೆಳಗೆ ಮೊದಲ ಮೂರು ಹೆಸರು ಮಾತ್ರ ಮುದ್ರಿಸಿ “ಮತ್ತು ಇತರರು” ಎಂದು ಹಾಕಿದ್ದಾರೆ. ಇತರರಂತೆ! ಭಾವಮೈದುನ ಹೆಸರಿರುವ ಮನುಷ್ಯ, ನಾವು ಇತರರು. (ಇವರ ಬಗ್ಗೆ ಹೇಳುತ್ತಿದ್ದೇನೆ.)

ಮಾರ್ಚ್ ೨೫, ಮಂಗಳವಾರ

ಎಣಿಕೆ ಮುಗಿದಿಲ್ಲ. ನಮಗೆ ಪೂರ್ತಿ ಪಾಲಿನ ಸೀಟು ಮೂರು ಬಂದವು. ಅದರ ಮೇಲೆ ಒಂದು ದೊಡ್ಡ ತುಂಡು ಉಳಿದಿದೆ. ಛತ್ರಿಯವರ ಕೈಯಲ್ಲೂ ಹೆಚ್ಚುಕಡಿಮೆ ಅಷ್ಟೇ ದೊಡ್ಡ ತುಂಡು. ಹಂಚುವುದಕ್ಕೆ ಉಳಿದಿರುವುದು ಒಂದೇ ಸೀಟು. ಬೆಳಿಗ್ಗೆ ಟಿ.ವಿ.ಯವರು ಅದನ್ನು ಛತ್ರಿಗೆ ಕೊಟ್ಟರು, ಮಧ್ಯಾಹ್ನ ನಮಗೆ ಕೊಟ್ಟರು, ಸಂಜೆ ಮತ್ತೆ ಕಿತ್ತುಕೊಂಡರು. ಅವರಪ್ಪನ ಮನೆಯ ಗಂಟಾ ಅದು? ಒಂದು ಅಂಗಿಯ ಕಾಲರನ್ನು ತಿರುವುಮುರುವು ಹೊಲಿದು, ಬಿಚ್ಚಿ, ಮತ್ತೆ ತಿರುವುಮುರುವಾಗಿಯೇ ಹೊಲಿದೆ. ಕಾಜಾ ಅಕ್ಕ ಅಂಗಿಯನ್ನು ಕೈಯಿಂದ ಕಿತ್ತುಕೊಂಡು, “ಹೋಗು, ಟಿ.ವಿ. ಮುಂದೆ ಕೂತ್ಕೋ” ಅಂದಳು.

ಮಾರ್ಚ್ ೨೭, ಗುರುವಾರ

ನಾಲ್ಕನೆಯ ಸೀಟು ನಮಗೇ ಬಂತು! ಒಂದು ಸಣ್ಣ ಬೀದಿಯಲ್ಲಿ ಹಿಡಿಸುವಷ್ಟು ಜನರ ಮತದಿಂದ ನಮ್ಮ ತುಂಡು ಉದ್ದವಾಯಿತು.

ಛತ್ರಿಯವರ ವಕ್ತಾರ ಟಿ.ವಿ.ಯಲ್ಲಿ ಕೂತು, “ಚಿಲ್ಲರೆ ಮತಕ್ಕೆ ಕೊಟ್ಟ ಸೀಟು ಸೀಟೇ ಅಲ್ಲ, ಇದು ದರೋಡೆ” ಎಂದು ಬಡಬಡಿಸುತ್ತಿದ್ದಾನೆ. ಎಂಥ ಕೆಟ್ಟ ಬಾಯಿ! ಚಿಲ್ಲರೆ ಅಂದರೆ ಏನು? ಅದೂ ಜನರೇ ಅಲ್ಲವೇ? ಮಳೆಯಲ್ಲಿ ನಿಂತು ಮತ ಹಾಕಿದವರಲ್ಲವೇ? ಅವರ ಮತವನ್ನು ಕಸದ ಬುಟ್ಟಿಗೆ ಹಾಕಬೇಕಿತ್ತೇ? ಒಳ್ಳೆಯ ದರ್ಜಿ ಒಂದು ತುಂಡನ್ನೂ ದಂಡ ಮಾಡುವುದಿಲ್ಲ. ಈ ನಿಯಮ ಮಾಡಿದವನು ಯಾರೋ ಬಲ್ಲವನೇ ಇರಬೇಕು.

ಇವರು ಸಂತೋಷದಿಂದ ನನ್ನ ಎರಡೂ ಕೈ ಹಿಡಿದುಕೊಂಡು, “ಬಂತು ಕಣೇ ನನ್ನ ಸೀಟು” ಅಂದರು. ನನಗೂ ಕಣ್ಣು ತುಂಬಿತು. ಆದರೆ ಅಭಿನಂದನೆ ಹೇಳಲು ಬಂದವರೆಲ್ಲ ಸೀದಾ ಇವರ ಕೈ ಕುಲುಕಿ, ನನ್ನ ಕಡೆ ತಿರುಗಿ ಚಹಾ ಕೇಳಿದ್ದು ಅಷ್ಟು ಸರಿ ಕಾಣಲಿಲ್ಲ. ಗೆದ್ದವಳು ಎಂದು ಪೇಪರಿನಲ್ಲಿ ಹೆಸರು ಬಂದಿರುವುದು ಯಾರದು? ನನಗೇನೂ ಆಗಬೇಕಾದ್ದಿಲ್ಲ, ಲೋಕದ ರೀತಿಯೊಂದು ಇದೆಯಲ್ಲ, ಅದಕ್ಕೆ ಹೇಳಿದೆ.

ಏಪ್ರಿಲ್ ೧, ಮಂಗಳವಾರ

ದೊಡ್ಡವರ ಸೊಸೆ ಕಾರಿನಲ್ಲಿ ಅಂಗಡಿಗೆ ಬಂದಿದ್ದಳು. ಪಟ್ಟಿಯಲ್ಲಿ ಆರನೆಯ ಹೆಸರು ಇವಳದು. ಪಕ್ಷದ ಒಂದು ಸಭೆಗೂ ಬಂದದ್ದನ್ನು ನಾನು ಕಂಡಿಲ್ಲ. ಬೆಲೆಬಾಳುವ ಬಿಳಿ ಬಟ್ಟೆ ತಂದಿದ್ದಳು. ಒಂದು ಉದ್ದ ಕೋಟು ಹೊಲಿಯಬೇಕಂತೆ, ಹದಿನಾಲ್ಕಕ್ಕೆ ಮೊದಲು ಕೈಗೆ ಸಿಗಬೇಕಂತೆ. ಹದಿನಾಲ್ಕಕ್ಕೆ ಸಂಸತ್ತು ಶುರು.

ನಿಲ್ಲಿಸಿ ಅಳತೆ ತೆಗೆದೆ. “ಆಂಟಿ, ಕೂತಾಗಿನ ಅಳತೆಯೂ ತಗೊಳ್ಳಿ,” ಅಂದಳು. “ತುಂಬಾ ಹೊತ್ತು ಕೂತಿರ್ಬೇಕಾಗುತ್ತೆ, ಮುದುಡ್ಕೋಬಾರ್ದು. ಕ್ಯಾಮೆರಾ ಇರುತ್ತಲ್ಲ.”

“ಎಲ್ಲಿ ಕೂರ್ತೀಯಮ್ಮ ಅಷ್ಟು ಹೊತ್ತು?”

“ಮಾವನ್ನ ಕೇಳಿ” ಎಂದು ನಕ್ಕು ಹೋದಳು. ನಾಲ್ಕು ಗೆದ್ದ ಪಕ್ಷದಲ್ಲಿ ಆರನೆಯವಳಿಗೆ ಕೂಸು ಹುಟ್ಟುವ ಮುಂಚೆಯೇ ಕುಲಾವಿ! ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರಲು ಇಷ್ಟು ಸಡಗರವೇ ಎಂದುಕೊಂಡು ಬಟ್ಟೆ ಕತ್ತರಿಸಿದೆ. ದೊಡ್ಡವರು ಮುಂಚೆಯೇ ಫೋನು ಮಾಡಿ, “ಪಕ್ಷದೋರಿಗೆ ಅರ್ಧ ರೇಟು ಹಾಕು ತಾಯಿ” ಅಂದಿದ್ದರು. ಶ್ರೀಮಂತಿಕೆಯ ಲಕ್ಷಣವೇ ಇದು.

ಏಪ್ರಿಲ್ ೪, ಶುಕ್ರವಾರ

ಹೇಳಬೇಕಾದ ಮಾತನ್ನು ಇವರು ಬಾಯಿಪಾಠ ಮಾಡಿಸಿದ್ದಾರೆ. “ನಾನು ಸ್ವಇಚ್ಛೆಯಿಂದ ನನ್ನ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ.” ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ಪ್ರತಿ ಸಲವೂ ‘ಸ್ವಇಚ್ಛೆ’ ಎಂಬಲ್ಲಿ ಬಾಯಿ ಒಣಗುತ್ತದೆ. ಯಾರು ಬರೆದರೋ ಈ ಪುಸ್ತಕದ ಭಾಷೆಯನ್ನು! “ನಾನು ಬಿಡ್ತೀನಿ” ಅಂದರೆ ಸಾಲದೇ?

ಕಾಜಾ ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, “ಇನ್ನೊಂದ್ಸಲ ಹೇಳು. ನಂಬಿಕೆ ಬರ್ಲಿಲ್ಲ” ಅಂದಳು.

ಏಪ್ರಿಲ್ ೭, ಸೋಮವಾರ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಹೊಸ ಸದಸ್ಯರಿಗೆ ಇವತ್ತು ಸದನ ತೋರಿಸಿದರು. ಕಚೇರಿಯ ಮೇಡಂ ಒಬ್ಬರು ಎಲ್ಲವನ್ನೂ ವಿವರಿಸುತ್ತಿದ್ದರು. ಅರ್ಧಚಂದ್ರದ ಹಾಗೆ ಸಾಲುಸಾಲು ಕುರ್ಚಿಗಳು. ದೊಡ್ಡ ಪಕ್ಷಗಳಿಗೆ ಮಧ್ಯದ ಅಗಲ ಭಾಗ, ಸಣ್ಣವರಿಗೆ ಅಂಚು. ಬಕೆಟ್‌ನವರಿಗೆ ಸಿಕ್ಕಿದ್ದು ಹಿಂದಿನ ಮೂಲೆ, ಅದರಲ್ಲೂ ನಾಲ್ಕನೆಯ ಕುರ್ಚಿ ಕಂಬದ ಮರೆಯಲ್ಲಿ! ಸ್ಪೀಕರ್ ಮುಖ ಕಾಣಬೇಕಾದರೆ ಕತ್ತು ಉದ್ದ ಮಾಡಬೇಕು. “ಜನ ಹಾಕಿದ ಮತಕ್ಕೆ ಕಂಬ ಅಡ್ಡ ಬರ್ಬಹುದಾ?” ಎಂದು ಕೇಳಿಯೇಬಿಟ್ಟೆ. ಮೇಡಂ ನಕ್ಕರು, ಬರೆದುಕೊಂಡರು.

ಅವರು ನಕ್ಕರಲ್ಲ, ಆ ಧೈರ್ಯದ ಮೇಲೆ ಇನ್ನೊಂದು ಮಾತು ಕೇಳಿದೆ. “ಯಾರಾದ್ರೂ ಎದ್ದು ರಾಜೀನಾಮೆ ಅಂದ್ರೆ ಪಟ್ಟಿಯಲ್ಲಿ ಮುಂದಿನೋರು ಅದೇ ದಿನ ಬಂದು ಕೂರ್ಬಹುದಾ?”

“ಮಾರನೇ ದಿನ ಬರ್ತಾರೆ,” ಅಂದರು ಮೇಡಂ. “ಆದ್ರೆ ಈ ಸಲದಿಂದ ನಿಯಮ ಬದಲಾಗಿದೆ. ಹೆಂಗಸು ಬಿಟ್ಟ ಸೀಟಿಗೆ ಪಟ್ಟಿಯಲ್ಲಿ ಮುಂದಿನ ಹೆಂಗಸೇ ಬರ್ಬೇಕು. ಹೆಸರಿಗೆ ಹೆಂಗಸರನ್ನ ಇಟ್ಟು ಆಮೇಲೆ ಎಬ್ಬಿಸೋ ಆಟ ಜಾಸ್ತಿಯಾಗಿತ್ತು, ಅದಕ್ಕೆ. ಎಲ್ಲಾ ಪಕ್ಷದ ಅಧ್ಯಕ್ಷರಿಗೂ ಹೋದ ವರ್ಷವೇ ತಿಳಿಸಿದೀವಿ.”

ನಾಲ್ಕಾದ ಮೇಲೆ ಮುಂದಿನ ಹೆಂಗಸು ಐದಲ್ಲ. ಆರು. ಬಿಳಿ ಕೋಟು!

ಕೂತಾಗಿನ ಅಳತೆ ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ನನ್ನ ಕುರ್ಚಿಯಲ್ಲಿ ಕೂರಲು ನನ್ನ ಕೈಯಿಂದಲೇ, ಅದೂ ಅರ್ಧ ರೇಟಿಗೆ, ಬಟ್ಟೆ ಹೊಲಿಸಿಕೊಳ್ಳುತ್ತಿದ್ದಾಳೆ. ದೊಡ್ಡವರಿಗೆ ಎಲ್ಲ ಗೊತ್ತಿತ್ತು. ಸೊಸೆಯ ಹೆಸರನ್ನು ಮೊದಲೇ ನಾಲ್ಕರಲ್ಲಿ ಹಾಕಿದ್ದರೆ ಇಪ್ಪತ್ತು ವರ್ಷ ದುಡಿದವರು ಬಂಡೇಳುತ್ತಿದ್ದರು, ಬಾಗಿಲು ಬಾಗಿಲಿಗೆ ಹೋಗಿ ಮತ ಕೇಳುತ್ತಿರಲಿಲ್ಲ. ಅದಕ್ಕೆ ಇವರ ಮೂಗಿಗೆ ತುಪ್ಪ ಸವರಿ, ನನ್ನನ್ನು ನಡುವೆ ಕರ್ಚೀಫು ಮಾಡಿ, ಕೊನೆಗೆ ಸೊಸೆಯನ್ನು ಕೂರಿಸುವುದು. ಥೂ!

ಇವರಿಗೆ ನಾಳೆ ಹೇಳಬೇಕು. ಪಾಪ, ಹೇಗೆ ತಡೆದುಕೊಳ್ಳುತ್ತಾರೋ.

ಏಪ್ರಿಲ್ ೮, ಮಂಗಳವಾರ

ಚೆನ್ನಾಗಿಯೇ ತಡೆದುಕೊಂಡರು.

ನಾನು ಉರಿಯುತ್ತಾ ಎಲ್ಲವನ್ನೂ ಹೇಳಿ ಮುಗಿಸಿದೆ. ಇವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, “ನಂಗೂ ಮೊನ್ನೆ ಗೊತ್ತಾಯ್ತು” ಅಂದರು.

“ಗೊತ್ತಾಗಿ?”

“ದೊಡ್ಡವರೇ ಕರೆದು ಹೇಳಿದ್ರು. ಮನಸ್ಸಿಗೆ ಹಚ್ಕೋಬೇಡ, ಒಂದು ನಿಗಮದ ಅಧ್ಯಕ್ಷಗಿರಿ ಕೊಡಿಸ್ತೀನಿ ಅಂದ್ರು. ಕಾರಿದೆ, ಆಫೀಸಿದೆ. ನೀನು ಹೇಳೋ ಮಾತು ಹೇಳ್ಬಿಡು, ನಮಗ್ಯಾಕೆ ಊರ ಉಸಾಬರಿ?”

“ರೀ, ಇಪ್ಪತ್ತು ವರ್ಷ ನಿಮ್ಮ ಸೀಟು, ನಿಮ್ಮ ಸೀಟು ಅಂತ ನಾನು ಒದ್ದಾಡಿದ್ದು?”

“ಸೀಟು ಯಾವುದಾದ್ರೇನೇ, ಕೂರೋದು ತಾನೇ?”

ಮೂವತ್ತು ವರ್ಷದ ಸಂಸಾರದಲ್ಲಿ ಇವರ ಮೇಲೆ ಸಿಟ್ಟು ಬಂದಾಗಲೆಲ್ಲ ಇವರ ಪರವಾಗಿ ಒಂದು ಕಾರಣ ಹುಡುಕಿಕೊಂಡು ತಣ್ಣಗಾಗುತ್ತಿದ್ದೆ. ಇವತ್ತು ಹುಡುಕಿದೆ. ಸಿಗಲಿಲ್ಲ.

ಕಾರ್ಖಾನೆಯ ಬೀಗದ ವಿಷಯ ಎತ್ತಿದರೆ, “ಯಾವ ಬೀಗ?” ಎಂದು ಕೇಳಿದರು.

ಏಪ್ರಿಲ್ ೧೦, ಗುರುವಾರ

ಬಿಳಿ ಕೋಟಿಗೆ ಕಾಜಾ ಅಕ್ಕ ಗುಂಡಿಗಳನ್ನೆಲ್ಲ ಸಾಲಾಗಿ, ಚೆಂದವಾಗಿ ಹೊಲಿದಿಟ್ಟಿದ್ದಳು. ಕಾಜಾ ಮಾತ್ರ ಒಂದೂ ಇಲ್ಲ! “ಹಾಕ್ಕೊಳ್ಳಲಿ ನೋಡೋಣ” ಎಂದು ಕೂತಿದ್ದಳು. ನಗು ಬಂದರೂ ಬೈದೆ. ನಮ್ಮ ಅಂಗಡಿಯಿಂದ ಅರೆಬರೆ ಕೆಲಸ ಹೊರಗೆ ಹೋಗಬಾರದು. ಬಟ್ಟೆ ಏನು ತಪ್ಪು ಮಾಡಿದೆ? ಅವಳು ಗೊಣಗುತ್ತಾ ಕಾಜಾ ಹಾಕಿ ಕೊಟ್ಟಳು. ನಾನೇ ಇಸ್ತ್ರಿ ಮಾಡಿ, ಪೂರ್ತಿ ರೇಟು ಹಾಕಿ ಕಳಿಸಿದೆ. ಗ್ಯಾಲರಿಯಲ್ಲಿ ಕೂರಲು ಅವಳಿಗೆ ಬೇಕಾಗಬಹುದು.

ಇವರು ದಿನಾ ಒಪ್ಪಿಸಿಕೊಳ್ಳುತ್ತಿದ್ದಾರೆ. ನಾನೂ ತಪ್ಪದೆ ಒಪ್ಪಿಸುತ್ತಿದ್ದೇನೆ. “ಸ್ವಇಚ್ಛೆಯಿಂದ.” ಬಾಯಿ ಈಗ ಒಣಗುವುದಿಲ್ಲ. ಹೇಳಲು ಒಪ್ಪಿಕೊಂಡವಳು ನಾನೇ ತಾನೇ, ಹೇಳುತ್ತೇನೆ.

ಏಪ್ರಿಲ್ ೧೪, ಸೋಮವಾರ

ಇವತ್ತು ನಡೆದದ್ದನ್ನು ನಡೆದ ಹಾಗೆಯೇ ಬರೆದಿಡುತ್ತೇನೆ. ನಾಳೆ ಪೇಪರಿನವರು ಏನೇನು ಬರೆಯುತ್ತಾರೋ ಯಾರಿಗೆ ಗೊತ್ತು.

ಬೆಳಿಗ್ಗೆ ಪ್ರಮಾಣವಚನ ಆಯಿತು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೊರಟರು. ನಮ್ಮ ಮೂಲೆಗೆ ಹೋಗಿ ನೋಡುತ್ತೇನೆ, ಕಂಬದ ಮರೆಯ ನಾಲ್ಕನೆಯ ಕುರ್ಚಿಯ ಮೇಲೆ ದೊಡ್ಡವರು ತಮ್ಮ ಶಾಲು ಮಡಿಸಿ ಇಟ್ಟಿದ್ದಾರೆ, ಅದರ ಮೇಲೆ ಒಂದು ಫೈಲು. ಭಾವಮೈದುನ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದ.

“ಇದು ನನ್ನ ಜಾಗ,” ಅಂದೆ.

“ಇರ್ಲಿ ಬಿಡು ತಾಯಿ,” ಅಂದರು ದೊಡ್ಡವರು ಹಿಂದೆ ತಿರುಗದೆಯೇ. “ನಿಂದೇನು, ಎರಡು ನಿಮಿಷದ ಕೆಲಸ. ನಿಂತೇ ಹೇಳಿ ಹೋಗು. ಮತ್ತೆ ಯಾಕೆ ಕೂರೋದು, ಏಳೋದು?”

ಮೇಲೆ ಗ್ಯಾಲರಿಯಲ್ಲಿ ಇವರು ಕೂತಿದ್ದರು, ಪಕ್ಕದಲ್ಲಿ ಬಿಳಿ ಕೋಟು. ಭುಜ ಚೆನ್ನಾಗಿ ಕೂತಿತ್ತು. ಕ್ಯಾಮೆರಾದವನು ಆಗಲೇ ಅವಳ ಕಡೆ ತಿರುಗಿಕೊಂಡಿದ್ದ. ಅದೇ ಸಾಲಿನ ಆಚೆ ತುದಿಯಲ್ಲಿ ಕಾಜಾ ಅಕ್ಕ, ಅವಳ ಜೊತೆ ಕಾರ್ಖಾನೆಯ ನಾಲ್ಕೈದು ಹೆಂಗಸರು. ಪಾಸ್ ನಾನೇ ಕೊಡಿಸಿದ್ದೆ. ಯಾಕೆ ಕೊಡಿಸಿದೆನೋ, ಪಾಪ, ಒಂದು ಸಲ ಸದನ ನೋಡಲಿ ಅಂತ.

ಸ್ಪೀಕರ್ ನನ್ನ ಹೆಸರು ಕರೆದರು. “ಏನೋ ಹೇಳಬೇಕು ಅಂತ ನಿಮ್ಮ ಪಕ್ಷದವರು ತಿಳಿಸಿದ್ದಾರೆ. ಹೇಳಿ.”

ದೇವರಾಣೆಗೂ ಹೇಳಬೇಕೆಂದೇ ನಿಂತಿದ್ದೆ. ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆದರೆ ಆ ಶಾಲು! ಗೆದ್ದು ಬಂದವಳು ಒಂದು ನಿಮಿಷ ಕೂರುವುದಕ್ಕೂ ಲಾಯಕ್ಕಿಲ್ಲವೇ? ಬಸ್ಸಿನಲ್ಲಾದರೂ ಕರ್ಚೀಫು ಹಾಕಿದವರು ಆ ಸೀಟಿನವರನ್ನು ಕಂಡರೆ ತೆಗೆಯುತ್ತಾರೆ.

“ಸ್ಪೀಕರ್ ಸಾಹೇಬ್ರೇ, ನಿಯಮದ ಪ್ರಕಾರ ನಾನು ನನ್ನ ಕುರ್ಚಿಯಿಂದ ಎದ್ದು ಮಾತಾಡ್ಬೇಕಂತೆ,” ಅಂದೆ. “ಏಳ್ಬೇಕು ಅಂದ್ರೆ ಮೊದಲು ಕೂರ್ಬೇಕು. ಕೂರೋಕೆ ಹೋದ್ರೆ ಅಲ್ಲಿ ಯಾರದೋ ಶಾಲು ಇದೆ. ಯಾರದ್ದು ಅಂತ ಕೇಳಿ, ತೆಗೆಸಿ.”

ಸದನವೆಲ್ಲ ಗೊಳ್ಳೆಂದು ನಕ್ಕಿತು. ಛತ್ರಿಯವರು ಮೇಜು ಕುಟ್ಟಿದರು. ದೊಡ್ಡವರು ಕೆಂಪಗಾಗಿ ಶಾಲು ಎಳೆದುಕೊಂಡಾಗ ಫೈಲು ಕೆಳಗೆ ಬಿತ್ತು. ಅದನ್ನು ಎತ್ತಲು ಭಾವಮೈದುನ ಬಗ್ಗಿದ. ನಾನು ಕೂತೆ. ಚೆನ್ನಾಗಿ, ಬೆನ್ನು ಒರಗಿಸಿ ಕೂತೆ. ಕಂಬ ಪೂರ್ತಿ ಅಡ್ಡ ಬರುವುದಿಲ್ಲ, ಸ್ವಲ್ಪ ಬಲಕ್ಕೆ ವಾಲಿದರೆ ಸ್ಪೀಕರ್ ಮುಖ ಕಾಣುತ್ತದೆ.

“ಈಗ ಹೇಳಿ,” ಅಂದರು ಸ್ಪೀಕರ್.

ಎದ್ದೆ. ಗ್ಯಾಲರಿ ಕಂಡಿತು. ಇವರ ತುಟಿ ‘ಸ್ವಇಚ್ಛೆಯಿಂದ’ ಎಂದು ಆಡುತ್ತಿತ್ತು. ಆಚೆ ತುದಿಯಲ್ಲಿ ಕಾಜಾ ಅಕ್ಕ ಕಟಕಟೆಯ ಸರಳಿಗೆ ಮೂಗು ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

“ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೆಂಗಸರನ್ನ ಒಳಗೆ ಬಿಟ್ಟು ಹೊರಗಿಂದ ಬೀಗ ಹಾಕ್ತಾರೆ ಸಾರ್. ಅದರ ಬಗ್ಗೆ ಮಾತಾಡ್ಬೇಕು. ಯಾವಾಗ ಅವಕಾಶ ಕೊಡ್ತೀರಿ?”

“ಇವತ್ತಿನ ಪಟ್ಟಿಯಲ್ಲಿ ಇಲ್ಲ,” ಅಂದರು ಸ್ಪೀಕರ್. “ನಾಳೆ ಬೆಳಿಗ್ಗೆ ಕೊಡಬಹುದು.”

“ಸರಿ ಸಾರ್,” ಎಂದು ಕೂತೆ.

ಮನೆಯಲ್ಲಿ ಇವರು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ದೊಡ್ಡವರು ಫೋನಿನಲ್ಲಿ ನನ್ನನ್ನು ಮೋಸಗಾತಿ ಎಂದರಂತೆ. ಯಾರು ಯಾರಿಗೆ ಹೇಳುವ ಮಾತು ಅದು! ಅತ್ತೆ ಮಗನ ಕೋಣೆಯ ಬಾಗಿಲಲ್ಲಿ ನಿಂತು, “ಎದ್ದು ಊಟ ಮಾಡೋ. ಕರ್ಚೀಫು ಮಾತಾಡಲ್ಲ ಅಂದ್ಕೊಂಡಿದ್ದು ನಿಮ್ಮ ತಪ್ಪು” ಎಂದು ಹೇಳಿ ಬಂದರು.

ನಾನೇನೂ ಸೀಟಿನ ಆಸೆಗೆ ಬಿದ್ದವಳಲ್ಲ. ಇವತ್ತು ಆ ಶಾಲು ಇಲ್ಲದಿದ್ದರೆ ಹೇಳಬೇಕಾದ್ದನ್ನು ಹೇಳಿಯೇ ಬರುತ್ತಿದ್ದೆ. ಆ ಮಾತು ಎಲ್ಲಿಗೂ ಓಡಿ ಹೋಗುವುದಿಲ್ಲ, ಯಾವತ್ತಾದರೂ ಹೇಳಿದರಾಯಿತು. ನನಗೆ ಈಗ ಸಿಟ್ಟು ಬಂದಿರುವುದು ಬೇರೆ ವಿಷಯಕ್ಕೆ. ದೇಶದ ಸಂಸತ್ತು ಅನ್ನುತ್ತಾರೆ, ಕುರ್ಚಿಯ ಮೆತ್ತೆಯ ಅಂಚಿನಲ್ಲಿ ಗೇಣುದ್ದ ಹೊಲಿಗೆ ಬಿಟ್ಟಿದೆ, ಒಳಗಿನ ಹತ್ತಿ ಹೊರಗೆ ಇಣುಕುತ್ತಿದೆ. ಎಷ್ಟು ವರ್ಷದಿಂದ ಹಾಗಿದೆಯೋ, ಅಲ್ಲಿ ಕೂತವರು ಯಾರೂ ನೋಡಿಲ್ಲ. ನಾಳೆ ಹೋಗುವಾಗ ಸೂಜಿ, ದಾರ ತೆಗೆದುಕೊಂಡು ಹೋಗಬೇಕು. ದಪ್ಪ ದಾರ.